ಅರಗಿನ ಮನೆಯ ಪಾಠ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆಯನ್ನು ವಾಚಕರೆಲ್ಲರೂ ಕೇಳಿಯೇ ಇದ್ದೀರಿ. ಮುಂದಾಲೋಚನೆಯಿಲ್ಲದವರನ್ನು ಹಾಸ್ಯಮಾಡುವುದಕ್ಕೆ ನಾವು ಅದನ್ನು ಬಳಸುತ್ತೇವೆ. ಆದರೆ ಸ್ವಲ್ಪ ಯೋಚಿಸಿ ನೋಡಿ: ಬಾವಿಯನ್ನು ಮೊದಲೇ ತೋಡಿದ್ದರೂ ಅದೊಂದರಿಂದಲೇ ಏನಾದೀತು? ಬೆಂಕಿಯನ್ನು ಕಂಡವನೊಬ್ಬನು ಕೂಗಬೇಕು. ಕೂಗಿದ್ದನ್ನು ಕೇಳಿ ನಾಲ್ಕು ಜನ ಓಡಿಬರಬೇಕು. ಹಗ್ಗವೂ ಕೊಡವೂ ಕೈಗೆ ಸಿಕ್ಕಬೇಕು. ಇಷ್ಟೆಲ್ಲ ಆಗುವ ತನಕ ಒಳಗೆ ಮಲಗಿದವರನ್ನು ಕಾಯುವವರಾರು? ಮನೆಯೇ ಕಾಯಬೇಕು. ಅದರ ಗೋಡೆ, ಅದರ ಮಾಡು, ಅದರ ಬಾಗಿಲು, ಅದರ ಮೆಟ್ಟಿಲು ಕಾಯಬೇಕು. ನೀರು, ಪಂಪು, ಗಂಟೆ, ಅಗ್ನಿಶಾಮಕ ದಳ ಇವೆಲ್ಲ ಎದ್ದು ಓಡಾಡಿ ಮಾಡುವ ರಕ್ಷಣೆ. ಗೋಡೆ ಬಾಗಿಲುಗಳದು ಇದ್ದಲ್ಲೇ ಇದ್ದು ಮಾಡುವ ರಕ್ಷಣೆ. ಅದಕ್ಕೆ ಯಾರೂ ಎಚ್ಚರವಾಗಿರಬೇಕಾಗಿಲ್ಲ. ಯಾರೂ ಗುಂಡಿ ಒತ್ತಬೇಕಾಗಿಲ್ಲ.

ಈ ಎರಡನೆಯ ಬಗೆಯ ರಕ್ಷಣೆಯನ್ನು ಮನುಷ್ಯನು ಹೇಗೆ ಕಲಿತನು, ಕಲಿತದ್ದನ್ನು ಹೇಗೆ ಮತ್ತೆ ಮತ್ತೆ ಮರೆತನು ಎಂಬುದರ ಚರಿತ್ರೆಯನ್ನು ಸಂಗ್ರಹವಾಗಿ ನಿಮ್ಮ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ನಾನು ಎಂಜಿನಿಯರನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಆದರೆ ದಿನದಲ್ಲಿ ಐದಾರು ಗಂಟೆಯ ಹೊತ್ತು ಐವತ್ತು ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಇರುವವನಿಗೆ, ಆ ಕೋಣೆ ಯಾವುದರಿಂದ ಕಟ್ಟಿದ್ದು, ಅದರಿಂದ ಹೊರಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆ ಹೊರಗಿನವರ ಪ್ರಶ್ನೆಯಲ್ಲ.

ಬೆಂಕಿಗೂ ಕಟ್ಟಡಕ್ಕೂ ಇರುವ ಸಂಬಂಧವನ್ನು ಹೇಳುವಲ್ಲಿ ನಮ್ಮವರಿಗೆ ಮೊದಲು ನೆನಪಾಗತಕ್ಕದ್ದು ಭಾರತದ ಅರಗಿನ ಮನೆ. ದುರ್ಯೋಧನನ ಮಾತಿನಂತೆ ಪುರೋಚನನು ವಾರಣಾವತದಲ್ಲಿ ಪಾಂಡವರಿಗಾಗಿ ಒಂದು ಮನೆಯನ್ನು ಕಟ್ಟಿಸಿದನು. ಸೆಣಬು, ರಾಳ, ಬಿದಿರು, ಒಣಹುಲ್ಲು ಅದರ ಸಾಮಗ್ರಿ. ತುಪ್ಪ, ಎಣ್ಣೆ, ಅರಗುಗಳನ್ನು ಮಣ್ಣಿನೊಡನೆ ಕಲಸಿ ಗೋಡೆಗಳಿಗೆ ಮೆತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಚೆಲುವಾದ ಅರಮನೆ. ಒಳಹೊಕ್ಕ ಧರ್ಮರಾಯನಿಗೆ ಮಾತ್ರ ಗೋಡೆಯಿಂದ ತುಪ್ಪದ ವಾಸನೆ ಬಂದಿತು. ವಿದುರನು ಕಳುಹಿಸಿದ ಗಣಿಗನು ನೆಲವನ್ನು ಅಗೆದು ಸುರಂಗವನ್ನು ಮಾಡಿ, ಅದರ ಬಾಯನ್ನು ಹಲಗೆಯಿಂದ ಮುಚ್ಚಿ ನೆಲಕ್ಕೆ ಸಮಮಾಡಿದನು. ಬೆಂಕಿ ಹತ್ತಿದ ರಾತ್ರಿ ಪಾಂಡವರು ಆ ದಾರಿಯಿಂದ ಪಾರಾದರು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟಿಹೋಗುವ ಒಂದು ಭಾಗವುಂಟು. ಆ ರಾತ್ರಿ ಊಟಕ್ಕೆ ಬಂದು ಅಲ್ಲಿಯೇ ಮಲಗಿದ್ದ ಬೇಡರ ಹೆಂಗಸೊಬ್ಬಳೂ ಅವಳ ಐವರು ಮಕ್ಕಳೂ ಆ ಬೆಂಕಿಯಲ್ಲಿ ಬೆಂದುಹೋದರು. ಒಂದೇ ಮನೆ, ಒಂದೇ ಬೆಂಕಿ. ದಾರಿಯನ್ನು ಬಲ್ಲವರು ಉಳಿದರು. ಅರಿಯದೆ ಮಲಗಿದ್ದವರು ಅಳಿದರು. ಮುಂದೆ ಹೇಳಲಿರುವ ಚರಿತ್ರೆಯನ್ನೆಲ್ಲ ಓದುವಾಗ ಆ ಆರು ಮಂದಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇನೆ.

ಪುರಾಣದ ಮಾತು ಹಾಗಿರಲಿ. ಶಾಸ್ತ್ರದ ಮಾತಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟವರು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಪಂಡಿತರಾದ ಆರ್. ಶಾಮಾಶಾಸ್ತ್ರಿಗಳೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಆ ಗ್ರಂಥದಲ್ಲಿ ಪಟ್ಟಣವನ್ನು ನೋಡಿಕೊಳ್ಳುವ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದುಂಟು. ಬೇಸಗೆಯಲ್ಲಿ ನಡುಹಗಲ ಹೊತ್ತು ಒಲೆ ಹೊತ್ತಿಸಬಾರದು. ಮನೆಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಕೊಕ್ಕೆ, ತೊಗಲಿನ ಚೀಲ ಇರಬೇಕು. ಬೀದಿಗಳಲ್ಲಿಯೂ ನಾಲ್ಕು ದಾರಿ ಕೂಡುವ ಕಡೆಗಳಲ್ಲಿಯೂ ನೀರಿನ ಗಡಿಗೆಗಳನ್ನು ಸಾಲಾಗಿ ಇಡಬೇಕು ಎಂದು ಅಲ್ಲಿ ವಿಧಿಸಿದೆ. ಇವು ಎದ್ದು ಓಡಾಡಿ ಮಾಡುವ ರಕ್ಷಣೆಗೆ ಸೇರಿದವು. ಆದರೆ ಅದೇ ಅಧ್ಯಾಯದಲ್ಲಿ ಇನ್ನು ಮೂರು ವಿಧಿಗಳಿವೆ. ಹುಲ್ಲುಚಾಪೆಗಳ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯಿಂದ ಜೀವನ ಮಾಡುವ ಕಮ್ಮಾರರೇ ಮೊದಲಾದವರನ್ನು ಒಂದೆಡೆಯಲ್ಲಿ ಬೇರೆಯಾಗಿ ಇರಿಸಬೇಕು. ಮನೆಯ ಯಜಮಾನನು ರಾತ್ರಿ ತನ್ನ ಮನೆಯ ಬಾಗಿಲ ಬಳಿಯಲ್ಲಿ ಇರಬೇಕು. ಸುಡುವ ವಸ್ತುವನ್ನು ತೆಗೆ, ಬೆಂಕಿಯನ್ನು ಬೇರ್ಪಡಿಸು, ಬಾಗಿಲನ್ನು ಬಿಡಬೇಡ: ಎರಡು ಸಾವಿರ ವರ್ಷಗಳ ತರುವಾಯ ಇಂದಿನ ಕಟ್ಟಡಶಾಸ್ತ್ರ ಹೇಳುವುದೂ ಈ ಮೂರನ್ನೇ.

ನಮ್ಮ ಹಳ್ಳಿಯ ರೈತನು ಅರ್ಥಶಾಸ್ತ್ರವನ್ನು ಓದಿದವನಲ್ಲ. ಆದರೂ ಹುಲ್ಲಿನ ಬಣವೆಯನ್ನು ಮನೆಗೆ ತಾಗಿಸಿ ಒಟ್ಟದೆ ದೂರದ ಹಿತ್ತಲಲ್ಲಿ ಒಟ್ಟುವ ಪದ್ಧತಿಯನ್ನು ಅವನು ಹಿರಿಯರಿಂದ ಕಲಿತನು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ತೊಲೆ ಜಂತೆಗಳ ಮೇಲೆ ಮೊಳದಷ್ಟು ಮಣ್ಣು ಹಾಕುವುದು ಬಿಸಿಲನ್ನು ತಡೆಯುವುದಕ್ಕಾಗಿ ಎಂದು ನಾವು ತಿಳಿಯುತ್ತೇವೆ. ಹೊರಗಿನಿಂದ ಹಾರಿಬಂದ ಕಿಡಿಗೂ ಆ ಮಣ್ಣು ಒಂದು ಗುರಾಣಿಯಲ್ಲವೆ? ಕಲ್ಲು ಮಣ್ಣುಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಬೆಂಕಿಯ ರಾಜ್ಯ ಮೊದಲಾಗುತ್ತದೆ. ಹಂಪೆಯನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. 1565ರ ಯುದ್ಧದ ತರುವಾಯ ವಿಜಯನಗರವನ್ನು ಸುಲಿದು ಸುಟ್ಟರು. ಕಲ್ಲಿನ ದೇವಾಲಯಗಳು ಪೆಟ್ಟು ತಿಂದರೂ ಇಂದಿಗೂ ನಿಂತಿವೆ. ಮರದ ಕಂಬ ತೊಲೆಗಳ ಅರಮನೆಗಳಲ್ಲಿ ಉಳಿದದ್ದು ಕಲ್ಲಿನ ಜಗಲಿ ಮಾತ್ರ. ಅರಸರು ಎಲ್ಲಿ ಮಲಗಿದ್ದರು, ಎಲ್ಲಿ ಓಲಗವಿತ್ತಿದ್ದರು ಎಂಬುದನ್ನು ಆ ಜಗಲಿಯ ಗುರುತಿನಿಂದಲೇ ಊಹಿಸಬೇಕಾಗಿದೆ.

ಒಂದು ಪಟ್ಟಣ ಸುಟ್ಟುಹೋದ ಮೇಲೆ ಅದೇ ಜಾಗದಲ್ಲಿ ಮತ್ತೆ ಅದೇ ರೀತಿ ಕಟ್ಟಕೂಡದೆಂದು ಇಡೀ ಪಟ್ಟಣಕ್ಕೆ ಶಾಸನ ಮಾಡಿದ ಪ್ರಸಿದ್ಧ ನಿದರ್ಶನ ಲಂಡನ್ನಿನದು. ಅಲ್ಲಿ 1189ರಷ್ಟು ಹಿಂದೆಯೇ ಎರಡು ಮನೆಗಳ ನಡುವಣ ಗೋಡೆ ಕಲ್ಲಿನದಾಗಿದ್ದರೆ 3 ಅಡಿ ದಪ್ಪ, 16 ಅಡಿ ಎತ್ತರ ಇರಬೇಕೆಂಬ ಕಟ್ಟಳೆ ಹುಟ್ಟಿತ್ತು. ಆದರೆ ಕಟ್ಟಳೆ ಪುಸ್ತಕದಲ್ಲಿ ಉಳಿಯಿತು. ಮನೆಗಳು ಮರದವಾಗಿಯೇ ಬೆಳೆದವು. ಮೇಲಂತಸ್ತುಗಳನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿದ್ದರಿಂದ ಎದುರುಬದುರಿನ ಮನೆಗಳು ನೆತ್ತಿಯಲ್ಲಿ ಒಂದನ್ನೊಂದು ಮುಟ್ಟುವಂತಿದ್ದವು. 1666ರ ಸೆಪ್ಟೆಂಬರ್ 2ರ ಭಾನುವಾರ, ಇನ್ನೂ ಬೆಳಕು ಹರಿಯುವ ಮೊದಲು, ಪುಡ್ಡಿಂಗ್ ಲೇನ್ ಎಂಬ ಓಣಿಯ ರೊಟ್ಟಿ ಅಂಗಡಿಯಲ್ಲಿ ಬೆಂಕಿ ಹತ್ತಿತು. ನಡುವಣ ಮನೆಗಳನ್ನು ಕೆಡವಿ ಬೆಂಕಿಗೆ ದಾರಿಯಿಲ್ಲದಂತೆ ಮಾಡುವುದೊಂದೇ ಆಗಿನ ಉಪಾಯ. ನಗರದ ಮೇಯರು ಮನೆಯೊಡೆಯರಿಗೆ ಹೆದರಿ ಹಿಂದೆಮುಂದೆ ನೋಡಿದನು. ನಾಲ್ಕು ದಿನ ಉರಿದ ಬೆಂಕಿಯಲ್ಲಿ ಸುಮಾರು 13,200 ಮನೆಗಳೂ 87 ಇಗರ್ಜಿಗಳೂ ಬೂದಿಯಾದವು.

ಸೇಂಟ್ ಪಾಲ್ ಮಹಾದೇವಾಲಯವು ಕಲ್ಲಿನದು. ಅದು ಸುಡಲಾರದೆಂದು ನಂಬಿ ಪುಸ್ತಕ ವ್ಯಾಪಾರಿಗಳು ತಮ್ಮ ಗ್ರಂಥರಾಶಿಯನ್ನೆಲ್ಲ ತಂದು ಅದರ ನೆಲಮಾಳಿಗೆಯಲ್ಲಿ ತುಂಬಿದ್ದರು. ಗೋಡೆ ಕಲ್ಲಿನದಾದರೂ ಮಾಡು ಮರದ್ದು. ಮಾಡಿಗೆ ಹತ್ತಿತು, ಮೇಲೆ ಹೊದಿಸಿದ್ದ ಸೀಸ ಕರಗಿ ಹರಿಯಿತು, ಪುಸ್ತಕಗಳೆಲ್ಲ ಉರಿದುಹೋದವು. ಪುಸ್ತಕವನ್ನು ನಂಬಿ ಬದುಕುವ ನನ್ನಂಥವರಿಗೆ ಈ ಸಂಗತಿಯನ್ನು ಓದುವಾಗ ಹೊಟ್ಟೆ ಚುರುಕ್ಕೆನ್ನುತ್ತದೆ.

ಮರುವರ್ಷ, 1667ರಲ್ಲಿ, ಮರುನಿರ್ಮಾಣದ ಶಾಸನ ಹೊರಟಿತು. ಹೊಸ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು, ಮನೆಗಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿ ಒಂದೊಂದಕ್ಕೂ ಗೋಡೆಯ ದಪ್ಪವನ್ನೂ ಅಂತಸ್ತುಗಳನ್ನೂ ಗೊತ್ತುಮಾಡಬೇಕು, ಬೀದಿಯ ಮೇಲೆ ಚಾಚಿ ಕಟ್ಟಕೂಡದು, ಬೀದಿಗಳು ಅಗಲವಾಗಬೇಕು. ಇಟ್ಟಿಗೆಯನ್ನು ಆರಿಸಿದ್ದರಲ್ಲಿ ಒಂದು ಸ್ವಾರಸ್ಯವಿದೆ. ಇಟ್ಟಿಗೆಯು ಹುಟ್ಟುವಾಗಲೇ ಆವಿಗೆಯ ಬೆಂಕಿಯನ್ನು ಉಂಡು ಬಂದದ್ದು. ಎರಡನೆಯ ಸಲ ಬಂದ ಬೆಂಕಿ ಅದನ್ನು ಹೆದರಿಸಲಾರದು.

ನಮ್ಮ ಕರಾವಳಿ ಮಲೆನಾಡುಗಳಲ್ಲಿ ಹುಲ್ಲುಮಾಡನ್ನೂ ಸೋಗೆಯನ್ನೂ ಇಳಿಸಿದ ಕೆಲಸವನ್ನು ಬಹುಪಾಲು ಮಾಡಿದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹಂಚು ಮಳೆಗೆ ಒಳ್ಳೆಯದೆಂದು ಜನ ಕೊಂಡರು. ನೆರೆಮನೆಯಿಂದ ಹಾರಿಬಂದ ಕಿಡಿ ಮಾಡಿನ ಮೇಲೆ ಬಿದ್ದು ತಾನೇ ನಂದಿಹೋಗುವುದೆಂಬ ಲಾಭ ಅದರೊಡನೆ ಕೇಳದೆಯೇ ಬಂದಿತು.

ಇನ್ನು ಮೈಸೂರು ಅರಮನೆಯ ವಿಷಯ. ದಸರೆಯ ದೀಪಗಳಲ್ಲಿ ನಾವು ಇಂದು ಕಾಣುವ ಅರಮನೆಗೆ ಮೊದಲು ಅದೇ ಸ್ಥಳದಲ್ಲಿ, ಟಿಪ್ಪುವಿನ ಪತನಾನಂತರ ಕಟ್ಟಿದ, ಬಹುಮಟ್ಟಿಗೆ ಮರದ ಅರಮನೆಯೊಂದಿತ್ತು. 1897ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮ ನಡೆಯುತ್ತಿದ್ದಾಗ ಅದಕ್ಕೆ ಬೆಂಕಿ ತಗುಲಿತು. ಕೆತ್ತನೆಯ ಕಂಬಗಳು, ಬಣ್ಣದ ತೊಲೆಗಳು, ತಲೆಮಾರುಗಳ ಕುಶಲಕರ್ಮಿಗಳ ಕೈಕೆಲಸ ಉರಿದುಹೋದವು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಎದೆಗುಂದದೆ, ಸಿಮ್ಲಾದ ವೈಸರಾಯರ ನಿವಾಸವನ್ನು ಕಟ್ಟಿದ್ದ ಹೆನ್ರಿ ಇರ್ವಿನ್ನನಿಗೆ ಹೊಸ ಅರಮನೆಯ ಕೆಲಸವನ್ನು ಒಪ್ಪಿಸಿದರು. ಅದು ಮುಗಿದದ್ದು 1912ರಲ್ಲಿ. ತಗುಲಿದ ವೆಚ್ಚ ಸುಮಾರು 41 ಲಕ್ಷ ರೂಪಾಯಿ. ಮರವಿದ್ದ ಕಡೆಗೆ ಈಗ ಬೂದುಬಣ್ಣದ ಕಣಶಿಲೆ ಬಂದಿತು, ಇಟ್ಟಿಗೆ ಬಂದಿತು. ಕಲ್ಯಾಣಮಂಟಪಕ್ಕೆ ಗ್ಲಾಸ್ಗೋ ನಗರದಿಂದ ಎರಕದ ಕಬ್ಬಿಣದ ಕಂಬಗಳು ಬಂದವು. ಅರಮನೆಯನ್ನು ನೋಡುವಾಗ ನಾವು ಗೋಪುರದ ಸೊಬಗನ್ನು ಕೊಂಡಾಡುತ್ತೇವೆ. ಅದು ಒಂದು ಬೆಂಕಿಗೆ ಕೊಟ್ಟ ಉತ್ತರವೆಂಬುದನ್ನೂ ನೆನೆಯಬೇಕು.

ಕಬ್ಬಿಣವೆಂದೆನಷ್ಟೆ. ಕಬ್ಬಿಣ ಸುಡುವುದಿಲ್ಲ, ಆದ್ದರಿಂದ ಅದು ಬೆಂಕಿಯನ್ನು ಗೆದ್ದಂತೆಯೇ ಎಂದು ಹತ್ತೊಂಬತ್ತನೆಯ ಶತಮಾನದವರು ತಿಳಿದಿದ್ದರು. ಮೈಸೂರು ಅರಮನೆ ಉರಿಯುವುದಕ್ಕೆ 26 ವರ್ಷ ಮೊದಲೇ ಅಮೆರಿಕದ ಷಿಕಾಗೋ ನಗರ ಈ ತಿಳಿವಳಿಕೆಗೆ ಬೆಲೆ ತೆತ್ತಿತ್ತು. 1871ರ ಅಕ್ಟೋಬರ್ 8ರಂದು ಹತ್ತಿದ ಬೆಂಕಿಯಲ್ಲಿ ಸುಮಾರು 300 ಜನ ಸತ್ತರು. ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಮರದ ಮನೆಗಳು ಉರಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅಗ್ನಿಗೆ ಅಭೇದ್ಯವೆಂದು ಹೊಗಳಿಸಿಕೊಂಡಿದ್ದ ಕಬ್ಬಿಣದ ಕಟ್ಟಡಗಳೂ ಕುಸಿದದ್ದು ಎಲ್ಲರನ್ನೂ ಬೆರಗುಗೊಳಿಸಿತು. ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವನಿಗೆ ಇದರ ಕಾರಣ ಹೊಸದಲ್ಲ. ಕಾದ ಕಬ್ಬಿಣ ಹೇಳಿದಂತೆ ಕೇಳುತ್ತದೆ. ಸುಮಾರು 550ರಿಂದ 600 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಉಕ್ಕು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಮೇಲಿನ ಭಾರಕ್ಕೆ ಬಾಗುತ್ತದೆ. ಷಿಕಾಗೋದ ಶಿಲ್ಪಿಗಳು ಆಮೇಲೆ ಕಬ್ಬಿಣದ ಕಂಬ ತೊಲೆಗಳ ಸುತ್ತ ಸುಟ್ಟ ಮಣ್ಣಿನ ಟೊಳ್ಳು ಬಿಲ್ಲೆಗಳನ್ನು ಹೊದಿಸಿದರು. ಹೊರುವ ಕೆಲಸ ಕಬ್ಬಿಣದ್ದು, ಕಾಯುವ ಕೆಲಸ ಮಣ್ಣಿನದು. ಇಂದಿನ ಕಾಂಕ್ರೀಟಿನಲ್ಲಿ ಉಕ್ಕಿನ ಸರಳುಗಳನ್ನು ಹೊರಮೈಗೆ ಕಾಣದಂತೆ ಒಳಗೆ ಹುದುಗಿಸುವುದರ ಪ್ರಯೋಜನಗಳಲ್ಲಿ ಇದೂ ಒಂದು.

ಹೀಗೆ ಬೆಂಕಿಗೆ ಅಭೇದ್ಯವಾದ ವಸ್ತು ಯಾವುದೂ ಇಲ್ಲವೆಂದು ಗೊತ್ತಾದ ಮೇಲೆ ಪ್ರಶ್ನೆಯ ರೂಪವೇ ಬದಲಾಯಿತು. ಈ ಗೋಡೆ ಸುಡುವುದೇ ಎಂದು ಕೇಳುವುದನ್ನು ಬಿಟ್ಟು, ಈ ಗೋಡೆ ಎಷ್ಟು ಹೊತ್ತು ತಡೆದೀತು ಎಂದು ಕೇಳತೊಡಗಿದರು. 1918ರಲ್ಲಿ ಅಮೆರಿಕದವರು ಇದಕ್ಕೊಂದು ಪರೀಕ್ಷಾಕ್ರಮವನ್ನು ಗೊತ್ತುಮಾಡಿದರು. ಗೋಡೆಯನ್ನೋ ಬಾಗಿಲನ್ನೋ ಕುಲುಮೆಯ ಬಾಯಿಗೆ ನಿಲ್ಲಿಸಿ ಶಾಖವನ್ನು ಕ್ರಮವಾಗಿ ಏರಿಸುವುದು. ಐದು ನಿಮಿಷಕ್ಕೆ 538 ಡಿಗ್ರಿ ಸೆಂಟಿಗ್ರೇಡ್, ಒಂದು ಗಂಟೆಗೆ 927, ಎರಡು ಗಂಟೆಗೆ 1010. ಎರಡು ಗಂಟೆಯ ಬಾಗಿಲು ಎಂದರೆ ಇಂಥ ಪರೀಕ್ಷೆಯಲ್ಲಿ ಅಷ್ಟು ಹೊತ್ತು ಉರಿಯನ್ನು ಆಚೆಗೆ ಬಿಡದೆ ನಿಂತದ್ದು ಎಂದು ಅರ್ಥ. ಜಿಪ್ಸಂ ಹಲಗೆಯ ಗುಣವೂ ಇಲ್ಲಿ ಗಮನಾರ್ಹ. ಜಿಪ್ಸಮ್ಮಿನ ತೂಕದಲ್ಲಿ ಐದನೆಯ ಒಂದು ಪಾಲಿನಷ್ಟು ನೀರು ಅಡಗಿರುತ್ತದೆ. ಬೆಂಕಿ ಬಂದಾಗ ಆ ನೀರು ಆವಿಯಾಗಿ ಹೋಗುವ ತನಕ ಹಲಗೆಯ ಹಿಂಬದಿ ಹೆಚ್ಚು ಕಾಯುವುದಿಲ್ಲ. ಯಾರೂ ಸೇದದೆ, ಯಾರೂ ಎರಚದೆ ತಾನಾಗಿ ಒದಗುವ ನೀರು ಅದು.

ಗೋಡೆ ಕೊಡುವ ಆ ಎರಡು ಗಂಟೆಯಲ್ಲಿ ಒಳಗಿದ್ದವರು ಹೊರಗೆ ಬರಬೇಕು. ಬರುವ ದಾರಿಯೇ ಇಲ್ಲದಿದ್ದರೆ? ಇದಕ್ಕೆ ಉತ್ತರವನ್ನು ನ್ಯೂಯಾರ್ಕು ನಗರ 1911ರ ಮಾರ್ಚ್ 25ರಂದು ಕಂಡಿತು. ಹತ್ತಂತಸ್ತಿನ ಕಟ್ಟಡವೊಂದರ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಎಂಬ ಹೆಸರಿನ ಉಡುಪಿನ ಕಾರ್ಖಾನೆಯಿತ್ತು. ಕಟ್ಟಡ ಹೊಸದು, ಉಕ್ಕಿನ ಚೌಕಟ್ಟಿನದು, ಅಗ್ನಿನಿರೋಧಕವೆಂದು ಹೆಸರು ಪಡೆದದ್ದು. ಬಟ್ಟೆಯ ಚೂರುಗಳಿಗೆ ಹತ್ತಿದ ಬೆಂಕಿ ಕ್ಷಣಮಾತ್ರದಲ್ಲಿ ಹಬ್ಬಿತು. ಒಂಬತ್ತನೆಯ ಅಂತಸ್ತಿನಲ್ಲಿ ಒಂದು ಮೆಟ್ಟಿಲ ಬಾಗಿಲಿಗೆ ಬೀಗವಿತ್ತು. ಹೊರಗೋಡೆಗೆ ತಗುಲಿಸಿದ್ದ ಕಬ್ಬಿಣದ ಏಣಿ ಭಾರ ತಾಳದೆ ಮುರಿದುಬಿತ್ತು. ಸತ್ತವರು 146 ಮಂದಿ. ಅವರಲ್ಲಿ ಬಹುಮಂದಿ ಪರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಹದಿಹರೆಯದ, ಇಪ್ಪತ್ತರ ಆಚೀಚಿನ ಹೆಣ್ಣುಮಕ್ಕಳು. ಆ ಕಟ್ಟಡ ಇಂದಿಗೂ ನಿಂತಿದೆ. ಅದರಲ್ಲಿ ವಿಶ್ವವಿದ್ಯಾನಿಲಯದ ತರಗತಿಗಳು ನಡೆಯುತ್ತವೆ. ಗೋಡೆಗಳು ಉಳಿದವು, ಮಕ್ಕಳು ಉಳಿಯಲಿಲ್ಲ. ಕಟ್ಟಡವನ್ನು ಉಳಿಸುವ ವಿದ್ಯೆಯೂ ಕಟ್ಟಡದೊಳಗಿನ ಜನರನ್ನು ಉಳಿಸುವ ವಿದ್ಯೆಯೂ ಬೇರೆಬೇರೆಯೆಂದು ಲೋಕಕ್ಕೆ ಮನದಟ್ಟಾದದ್ದು ಇಂಥ ದುರಂತಗಳಿಂದ.

ಉಪಾಧ್ಯಾಯನಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ ಸಂಗತಿ ಇನ್ನೊಂದು. ಅದೂ ಷಿಕಾಗೋದಲ್ಲಿ ನಡೆದದ್ದು. 1958ರ ಡಿಸೆಂಬರ್ 1ರಂದು, ಅವರ್ ಲೇಡಿ ಆಫ್ ದಿ ಏಂಜೆಲ್ಸ್ ಎಂಬ ಶಾಲೆಯಲ್ಲಿ. ಹೊರಗೋಡೆ ಇಟ್ಟಿಗೆ, ಒಳಗಿನ ಮೆಟ್ಟಿಲು, ನೆಲ, ಮಾಡು ಎಲ್ಲವೂ ಮರ. ಶಾಲೆ ಬಿಡುವುದಕ್ಕೆ ಸ್ವಲ್ಪ ಮುಂಚೆ, ನೆಲಮಾಳಿಗೆಯಲ್ಲಿ ಮೆಟ್ಟಿಲ ಬುಡದಲ್ಲಿದ್ದ ಕಸಕ್ಕೆ ಬೆಂಕಿ ಹತ್ತಿ ಉರಿ ಮೆಟ್ಟಿಲನ್ನೇರಿತು. ಕೆಳಗಿನ ಅಂತಸ್ತಿನಲ್ಲಿ ಮೆಟ್ಟಿಲಿಗೂ ಮೊಗಸಾಲೆಗೂ ನಡುವೆ ಒಂದು ಗಟ್ಟಿಯಾದ ಬಾಗಿಲಿತ್ತು, ಅದು ಮುಚ್ಚಿತ್ತು. ಬೆಂಕಿ ಆ ಬಾಗಿಲನ್ನು ದಾಟಲಿಲ್ಲ. ಮೇಲಿನ ಅಂತಸ್ತಿನಲ್ಲಿ ಅಂಥ ಬಾಗಿಲಿರಲಿಲ್ಲ. ಹೊಗೆಯೂ ಶಾಖವೂ ತಡೆಯಿಲ್ಲದೆ ಮೊಗಸಾಲೆಗೆ ನುಗ್ಗಿದವು. ತರಗತಿಗಳಲ್ಲಿದ್ದ ಮಕ್ಕಳಿಗೆ ಕಿಟಕಿಯಲ್ಲದೆ ಬೇರೆ ದಾರಿ ಉಳಿಯಲಿಲ್ಲ. 92 ಮಕ್ಕಳೂ ಅವರಿಗೆ ಪಾಠ ಹೇಳುತ್ತಿದ್ದ ಮೂವರು ಸಂನ್ಯಾಸಿನಿಯರೂ ಸತ್ತರು. ಕೆಲವೇ ವಾರಗಳ ಹಿಂದೆ ಆ ಶಾಲೆ ತನಿಖೆಯಲ್ಲಿ ತೇರ್ಗಡೆಯಾಗಿತ್ತು. ಹೊಸ ನಿಯಮಗಳು ಹೊಸ ಕಟ್ಟಡಗಳಿಗೆ ಮಾತ್ರ, ಹಳೆಯವಕ್ಕೆ ವಿನಾಯಿತಿ ಎಂಬುದು ಆಗಿನ ಕಾನೂನು. ಒಂದೇ ಮೆಟ್ಟಿಲು, ಒಂದೇ ಬೆಂಕಿ. ಒಂದು ಅಂತಸ್ತಿಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಒಂದು ಬಾಗಿಲು.

ಇಲ್ಲಿ ಹೊಗೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಕಟ್ಟಡಗಳ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಜೀವ ತೆಗೆಯುವುದು ಹೊಗೆ. ಅದರಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಹಿಡಿದುಕೊಂಡು ಮನುಷ್ಯನಿಗೆ ಮಂಪರು ಕವಿಸುತ್ತದೆ. ಕಾದ ಹೊಗೆ ಮೇಲಕ್ಕೇರುವುದು ಅದರ ಸ್ವಭಾವ. ಬಾಗಿಲಿಲ್ಲದ ಮೆಟ್ಟಿಲು, ಲಿಫ್ಟಿನ ಗುಂಡಿ, ತಂತಿಗಳನ್ನು ಏರಿಸಿದ ನಾಳ ಇವೆಲ್ಲ ಅದಕ್ಕೆ ಚಿಮಣಿಗಳೇ. ಅಡಿಗೆಮನೆಯ ಹೊಗೆ ಹೊಗೆಗೂಡಿನಲ್ಲಿ ಎಷ್ಟು ಸಲೀಸಾಗಿ ಏರುವುದೆಂಬುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ದೂರದೇಶದ ಕಥೆಗಳೆಂದು ಸಮಾಧಾನಪಟ್ಟುಕೊಳ್ಳುವ ಹಕ್ಕು ನಮಗಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿದ್ದು 92 ಮಂದಿ ಸತ್ತರು. ಹೆಚ್ಚಿನವರು ಆಟ ನೋಡಲು ಬಂದಿದ್ದ ಮಕ್ಕಳು. ನೆರೆಯ ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಅಡಿಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಬೆಂದುಹೋದರು. ಕೌಟಿಲ್ಯನು ತೆಗೆಸಬೇಕೆಂದ ಹೊದಿಕೆ ಎಂಥದೋ ಅಂಥದೇ ಆ ಮಾಡು. ಅವನು ಬೇರೆ ಇಡಬೇಕೆಂದ ಬೆಂಕಿಯೇ ಆ ಒಲೆ. ಆ ದುರಂತದ ಹಿನ್ನೆಲೆಯಲ್ಲಿ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಮಕ್ಕಳಿಗಿರುವ ವಿದ್ಯೆಯ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆಯೆಂದು ತೀರ್ಪಿತ್ತಿತು. ಅದರ ಮರುವರ್ಷ, 2010ರ ಫೆಬ್ರವರಿ 23ರಂದು, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ನಾಳದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಂತಸ್ತುಗಳನ್ನು ತುಂಬಿತು. ಉಸಿರಿಗಾಗಿ ಕಿಟಕಿಯ ಗಾಜುಗಳನ್ನು ಒಡೆದರು. ಕೆಲವರು ಮೇಲಿನಿಂದ ಹಾರಿದರು. ಒಂಬತ್ತು ಜನ ಸತ್ತರು. ಕಟ್ಟಡದ ಗೋಡೆಗಳು ಅಲ್ಲಿಯೂ ನಿಂತೇ ಇದ್ದವು.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಹೊರಟದ್ದು 1970ರಲ್ಲಿ. 2005ರಲ್ಲಿ, 2016ರಲ್ಲಿ ಅದನ್ನು ಪರಿಷ್ಕರಿಸಿದರು. ಅದರ ನಾಲ್ಕನೆಯ ಭಾಗವೆಲ್ಲ ಬೆಂಕಿಯ ವಿಷಯವೇ. ಯಾವ ಗೋಡೆ ಎಷ್ಟು ಹೊತ್ತು ತಡೆಯಬೇಕು, ಮೆಟ್ಟಿಲು ಎಷ್ಟು ಅಗಲವಿರಬೇಕು, ತಂತಿಯ ನಾಳವನ್ನು ಅಂತಸ್ತು ಅಂತಸ್ತಿಗೂ ಹೇಗೆ ಬಿಗಿಯಾಗಿ ಮುಚ್ಚಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಲಂಡನ್ನಿನ ಹನ್ನೆರಡನೆಯ ಶತಮಾನದ ಕಟ್ಟಳೆಯಂತೆ ಇದೂ ಪುಸ್ತಕದಲ್ಲಿಯೇ ಉಳಿಯುವುದೋ ಗೋಡೆಯೊಳಕ್ಕೆ ಇಳಿಯುವುದೋ ಎಂಬುದಷ್ಟೇ ಪ್ರಶ್ನೆ.

ಗೋಡೆಯೊಳಕ್ಕೆ ಇಳಿದದ್ದನ್ನೂ ಆಮೇಲೆ ಕೆಡಿಸಬಹುದು. ಇದಕ್ಕೆ ಸಾಕ್ಷಿ 2017ರ ಜೂನ್ 14ರ ಲಂಡನ್. ಅಲ್ಲಿಯ ಗ್ರೆನ್‌ಫೆಲ್ ಟವರ್ 1974ರಲ್ಲಿ ಮುಗಿದ 24 ಅಂತಸ್ತಿನ ಕಾಂಕ್ರೀಟಿನ ಗೋಪುರ. ಒಂದು ಮನೆಗೆ ಹತ್ತಿದ ಬೆಂಕಿ ಆ ಮನೆಯ ಗೋಡೆಗಳೊಳಗೇ ಅಡಗಬೇಕು, ಉಳಿದವರು ತಂತಮ್ಮ ಮನೆಗಳಲ್ಲಿಯೇ ಇರಬಹುದು ಎಂಬ ಲೆಕ್ಕದಲ್ಲಿ ಅದನ್ನು ಕಟ್ಟಿದ್ದರು. ಕಟ್ಟಿ ನಲವತ್ತು ವರ್ಷಗಳಾದ ಮೇಲೆ ಅದರ ಹೊರಮೈಗೆ ಹೊಸ ಹೊದಿಕೆಯನ್ನು ತೊಡಿಸಿದರು. ಮನೆಗಳು ಬೆಚ್ಚಗಿರಲಿ, ನೋಟ ಚೆನ್ನಾಗಿರಲಿ ಎಂಬುದು ಉದ್ದೇಶ. ಆ ಹೊದಿಕೆಯ ಹಲಗೆಗಳಲ್ಲಿ ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಇದ್ದದ್ದು ಪಾಲಿಥೀನ್. ನಾಲ್ಕನೆಯ ಅಂತಸ್ತಿನ ಅಡಿಗೆಮನೆಯೊಂದರಲ್ಲಿ ಹುಟ್ಟಿದ ಬೆಂಕಿ ಕಿಟಕಿಯಿಂದ ಹೊರಬಿದ್ದು, ಒಳಗಿನ ಗೋಡೆಗಳನ್ನೆಲ್ಲ ಬಳಸಿ, ಹೊದಿಕೆಯನ್ನು ಹಿಡಿದು ನೆತ್ತಿಗೆ ಏರಿತು. 72 ಮಂದಿ ಸತ್ತರು. ಅನೇಕ ಮನೆಗಳ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲವೆಂಬುದೂ ವಿಚಾರಣೆಯಲ್ಲಿ ಹೊರಬಿದ್ದಿತು. ಪುರೋಚನನು ದ್ವೇಷದಿಂದ ಗೋಡೆಗೆ ಅರಗನ್ನು ಮೆತ್ತಿಸಿದನು. ಇಲ್ಲಿ ದ್ವೇಷವಿರಲಿಲ್ಲ, ಆದರೂ ಮನೆ ಅರಗಿನದೇ ಆಯಿತು.

ವಾಚಕರೇ, ಇಷ್ಟು ದೂರ ಬಂದ ಮೇಲೆ ನಾವು ನೀವು ಮಾಡತಕ್ಕದ್ದೇನು? ಗೋಡೆಯ ಒಳಗನ್ನು ಪರೀಕ್ಷಿಸುವುದು ಎಂಜಿನಿಯರರ ಕೆಲಸ. ಅದನ್ನು ಅವರಿಂದ ಕೇಳಿ ಪಡೆಯಬೇಕು. ಆದರೆ ಬಾಗಿಲನ್ನೂ ಮೆಟ್ಟಿಲನ್ನೂ ನೋಡುವುದಕ್ಕೆ ಯಾವ ಪದವಿಯೂ ಬೇಡ. ಮದುವೆಯ ಛತ್ರಕ್ಕೆ, ಆಸ್ಪತ್ರೆಗೆ, ಚಿತ್ರಮಂದಿರಕ್ಕೆ, ಮಕ್ಕಳ ಶಾಲೆಗೆ ಹೋದಾಗ ಒಂದು ಗಳಿಗೆ ನಿಂತು ನೋಡಿ. ಎರಡನೆಯ ದಾರಿ ಇದೆಯೆ? ಇದ್ದರೆ ಅದು ತೆರೆದಿದೆಯೆ, ಇಲ್ಲ ಕಳ್ಳರ ಭಯಕ್ಕೆ ಬೀಗ ಹಾಕಿದೆಯೆ? ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲಿಗೆ, ಓಡಾಟಕ್ಕೆ ಅಡ್ಡಿಯೆಂದು, ಇಟ್ಟಿಗೆಯನ್ನೋ ನೀರಿನ ಕ್ಯಾನನ್ನೋ ಒತ್ತಿಟ್ಟಿದ್ದಾರೆಯೆ? ತಂತಿ ಹಾಕಲು ಗೋಡೆಯಲ್ಲಿ ಕೊರೆದ ತೂತು ಹಾಗೆಯೇ ಬಾಯಿಬಿಟ್ಟುಕೊಂಡಿದೆಯೆ? ನಾನು ಕಂಡ ಶಾಲೆಯೊಂದರಲ್ಲಿ ಹಿಂಬದಿಯ ಮೆಟ್ಟಿಲು ಮುರಿದ ಬೆಂಚುಗಳ ಉಗ್ರಾಣವಾಗಿತ್ತು. ಮರದ ಬೆಂಚುಗಳು ದಾರಿಯನ್ನೂ ಮುಚ್ಚಿದ್ದವು, ಬೆಂಕಿಗೆ ಸೌದೆಯೂ ಆಗಿದ್ದವು. ಅದನ್ನು ಖಾಲಿಮಾಡಿಸುವುದಕ್ಕೆ ಹಣ ಬೇಕಾಗಲಿಲ್ಲ. ಇಬ್ಬರು ಆಳುಗಳು ಒಂದು ಮಧ್ಯಾಹ್ನ ದುಡಿದದ್ದು ಸಾಕಾಯಿತು.

ಹೀಗೆ ನೋಡುವುದನ್ನು ಮಕ್ಕಳಿಗೂ ಕಲಿಸಬೇಕು. ವರ್ಷಕ್ಕೆರಡು ಸಲವಾದರೂ ಗಂಟೆ ಬಾರಿಸಿ, ಪ್ರತಿಯೊಂದು ತರಗತಿಯನ್ನೂ ಅದರ ಎರಡನೆಯ ದಾರಿಯಿಂದ ಬಯಲಿಗೆ ಇಳಿಸಬೇಕು. ಸಾಲಿನಲ್ಲಿ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅವರು ಇಳಿಯಲಿ, ಚಿಂತೆಯಿಲ್ಲ. ಕಾಲಿಗೆ ದಾರಿಯ ಅಭ್ಯಾಸವಾದರೆ ಆಯಿತು. ವಾರಣಾವತದ ಆ ಮನೆಯಲ್ಲಿ ಸುರಂಗವಿತ್ತು. ಅದರ ಬಾಯಿ ನೆಲಕ್ಕೆ ಸಮವಾಗಿ, ಯಾರಿಗೂ ಕಾಣದಂತೆ ಇತ್ತು. ಬೇಡಿತಿಗೂ ಅವಳ ಐವರು ಮಕ್ಕಳಿಗೂ ಅದು ಎಲ್ಲಿದೆಯೆಂದು ಯಾರೂ ಹೇಳಿರಲಿಲ್ಲ.